ಗ್ಯಾರೇಜಿನ ಕಣಜ

2023ರ ಜುಲೈ 20ರಂದು ಭಾರತ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಲ್ಲಿಸಿತು. ಆ ವರ್ಷ ಮುಂಗಾರು ತಡವಾಗಿತ್ತು, ಎಲ್ ನಿನೊ ಭಯವಿತ್ತು, ದೇಶದೊಳಗೆ ಅಕ್ಕಿ ತುಟ್ಟಿಯಾಗುತ್ತಿತ್ತು, ಮುಂದಿನ ವರ್ಷ ಚುನಾವಣೆಯೂ ಇತ್ತು. ಸರ್ಕಾರ ತನ್ನ ಜನರ ಅಡುಗೆಮನೆಯನ್ನು ಮೊದಲು ನೋಡಿಕೊಂಡಿತು. ಡಲ್ಲಾಸಿನ ಪಕ್ಕದ ನಮ್ಮ ಊರಿಗೆ ಈ ಸುದ್ದಿ ತಲುಪಿದ್ದು ವಾಟ್ಸ್ಆ್ಯಪ್‌ನಲ್ಲಿ. ತಲುಪುವಷ್ಟರಲ್ಲಿ ‘ಬಾಸ್ಮತಿಯಲ್ಲದ’ ಎಂಬುದೂ ‘ಬಿಳಿ’ ಎಂಬುದೂ ದಾರಿಯಲ್ಲೇ ಉದುರಿಹೋಗಿ, ‘ಇಂಡಿಯಾದಿಂದ ಇನ್ನು ಅಕ್ಕಿ ಬರಲ್ಲವಂತೆ’ ಎಂಬಷ್ಟೇ ಉಳಿದಿತ್ತು. ಅದರ ಬೆನ್ನಿಗೇ ಖಾಲಿ ಕಪಾಟುಗಳ ಫೋಟೊ, ತಳ್ಳುಗಾಡಿಯ ತುಂಬ ಚೀಲ ಹೇರಿಕೊಂಡು ಓಡುವವರ ವಿಡಿಯೊ. ಯಾವ ಊರಿನದು, ಯಾವಾಗಿನದು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ನನ್ನ ತವರು ಗಂಗಾವತಿ ಹತ್ತಿರದ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಅಪ್ಪನಿಗೆ ನಾಲ್ಕಾರು ಎಕರೆ ಗದ್ದೆ. ಕಾರಟಗಿಯ ಅಕ್ಕಿ ಮಿಲ್ಲುಗಳ ತೌಡಿನ ವಾಸನೆ ಗೊತ್ತಿದ್ದೇ ಬೆಳೆದವಳು ನಾನು. ಸೋನಾ ಮಸೂರಿಯ ಸೀಮೆಯಿಂದ ಬಂದವಳಿಗೆ ಅಕ್ಕಿಯ ವಿಚಾರದಲ್ಲಿ ಉಳಿದವರಿಗಿಂತ ಕೊಂಚ ಹೆಚ್ಚು ತಿಳಿವಳಿಕೆ ಇರಬೇಕಿತ್ತು. ಇದ್ದದ್ದು ಹೆಚ್ಚು ಭಯ. ಅಕ್ಕಿಯ ರುಚಿ ಗೊತ್ತಿದ್ದವಳಿಗೆ ಅದು ತಪ್ಪಿಹೋಗುವ ಭಯವೂ ಜಾಸ್ತಿ ಎಂದು ಆಗ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಶುಕ್ರವಾರ ಸಂಜೆ ನಾವು ಯಾವಾಗಲೂ ಹೋಗುವ ಅಂಗಡಿಗೆ ಹೋದರೆ ಕಾರು ನಿಲ್ಲಿಸಲು ಜಾಗವಿರಲಿಲ್ಲ. ಬಾಗಿಲಲ್ಲಿ ಕೈಬರಹದ ಚೀಟಿ: ಒಂದು ಕುಟುಂಬಕ್ಕೆ ಒಂದೇ ಚೀಲ. ಚೀಲವೆಂದರೆ ಇಪ್ಪತ್ತು ಪೌಂಡಿನದು, ಒಂಬತ್ತು ಕಿಲೊ ಚಿಲ್ಲರೆ. ಎಂದಿನ ದಿನಗಳಲ್ಲಿ ಇಪ್ಪತ್ತು ಡಾಲರಿನ ಒಳಗೇ ಸಿಗುತ್ತಿದ್ದ ಅದರ ಮೇಲೆ ಹಳೆಯ ಬೆಲೆಯ ಚೀಟಿಯನ್ನು ಮುಚ್ಚಿ ಹೊಸದು ಅಂಟಿಸಿದ್ದರು, ಹೆಚ್ಚುಕಡಿಮೆ ಎರಡು ಪಟ್ಟು. ಆ ಅಕ್ಕಿ ಅಂಗಡಿಗೆ ಬಂದಿದ್ದು ತಿಂಗಳ ಹಿಂದೆ, ಹಳೆಯ ದರದಲ್ಲಿ. ಅದು ನಮಗೆಲ್ಲ ಗೊತ್ತಿತ್ತು. ಆದರೂ ಯಾರೂ ತಕರಾರು ತೆಗೆಯಲಿಲ್ಲ, ಯಾಕೆಂದರೆ ತಕರಾರು ತೆಗೆಯುವವರ ಹಿಂದೆ ನಿಂತವರು ಚೀಲ ಎತ್ತಿಕೊಂಡು ಹೋಗುತ್ತಿದ್ದರು.

‘ಒಂದು ಕುಟುಂಬಕ್ಕೆ ಒಂದು’ ಎಂಬ ನಿಯಮಕ್ಕೆ ನಾವು ಮಾಡಿದ್ದು ಇಷ್ಟು: ನಾನು ಒಂದು ಸಾಲು, ನನ್ನ ಯಜಮಾನರು ಮಗನನ್ನು ಕರೆದುಕೊಂಡು ಇನ್ನೊಂದು ಸಾಲು. ಸಾಲಿನಲ್ಲಿ ಒಬ್ಬರಿಗೊಬ್ಬರು ಪರಿಚಯವಿಲ್ಲದವರಂತೆ ನಿಂತೆವು. ಮಗ ಎಂಟು ವರ್ಷದವನು, “ಅಮ್ಮಾ” ಎಂದು ಕೂಗಿಬಿಟ್ಟಾನೆಂದು ಅವನ ಕೈಗೆ ಫೋನು ಕೊಟ್ಟಿದ್ದೆವು. ಶನಿವಾರ ಪಕ್ಕದೂರಿನ ಅಂಗಡಿ, ಭಾನುವಾರ ಅದರಾಚೆಯದು. ಅಕ್ಕಿಗೆಂದು ಹೋದವರು ತೊಗರಿಬೇಳೆ, ಉದ್ದಿನಬೇಳೆ, ಇಡ್ಲಿ ಅಕ್ಕಿ, ಅವಲಕ್ಕಿ ಎಲ್ಲವನ್ನೂ ಗಾಡಿಗೆ ಹಾಕಿದೆವು. ಒಟ್ಟು ಎಷ್ಟು ಚೀಲವಾಯಿತೆಂದು ಬರೆಯಲು ನಾಚಿಕೆಯಾಗುತ್ತದೆ. ಅಡುಗೆಮನೆಯಲ್ಲಿ ಜಾಗ ಸಾಲದೆ ಗ್ಯಾರೇಜಿನ ಗೋಡೆಗೆ ಒತ್ತಿ ಸಾಲಾಗಿ ಜೋಡಿಸಿದೆವು ಎಂದರೆ ಸಾಕು. ಜೋಡಿಸಿ ಮುಗಿಸಿದಾಗ ನನಗೆ ಒಂದು ತೃಪ್ತಿ ಆಯಿತು. ಅದನ್ನು ಮುಚ್ಚಿಡಲಾರೆ. ನಮ್ಮಜ್ಜಿ ಸುಗ್ಗಿ ಮುಗಿದ ಮೇಲೆ ಕಣಜದ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದಳು. ನಾನೂ ಹಾಗೆಯೇ ನಿಂತೆ, ಅವಳ ವಂಶದವಳೇ ನಾನು ಎಂದುಕೊಂಡು.

ಭಾನುವಾರ ರಾತ್ರಿ, ಎಲ್ಲ ಮುಗಿದ ಮೇಲೆ, ಯಜಮಾನರು ಆ ಅಧಿಸೂಚನೆ ಏನು ಹೇಳುತ್ತದೆಂದು ಓದಿದರು. ಅವರು ಮೈಸೂರಿನವರು, ಲೆಕ್ಕದ ಮನುಷ್ಯ. ಆದರೆ ಲೆಕ್ಕ ನೆನಪಾಗುವುದು ಖರ್ಚಾದ ಮೇಲೆ. ಬಾಸ್ಮತಿಗೆ ನಿಷೇಧವಿರಲಿಲ್ಲ. ಕುಸುಬಲು ಅಕ್ಕಿಗೂ ಇರಲಿಲ್ಲ. ಇಡ್ಲಿ ಅಕ್ಕಿ ಕುಸುಬಲು ಅಕ್ಕಿಯೇ. ನಾವು ಪೈಪೋಟಿಯಲ್ಲಿ ಹೊತ್ತು ತಂದಿದ್ದ ಆ ಚೀಲಗಳಿಗೂ ಈ ಆದೇಶಕ್ಕೂ ಸಂಬಂಧವೇ ಇರಲಿಲ್ಲ. ಆಗಲೇ ಹಡಗಿಗೆ ತುಂಬಲು ಶುರುವಾಗಿದ್ದ ಸರಕಿಗೆ ವಿನಾಯಿತಿ ಇತ್ತು. ದಾರಿಯಲ್ಲಿದ್ದ ಹಡಗುಗಳಂತೂ ಬಂದೇ ಬರುತ್ತಿದ್ದವು. ಬೇಳೆಯ ಮಾತೇ ಅಲ್ಲಿ ಇರಲಿಲ್ಲ.

“ಅಲ್ಲ ಕಣೇ, ಅಮೆರಿಕದಲ್ಲೇ ಅಕ್ಕಿ ಬೆಳೀತಾರಲ್ಲ?” ಎಂದರು.

ಬೆಳೆಯುತ್ತಾರೆ. ಡಲ್ಲಾಸಿನಿಂದ ಮೂರು ಗಂಟೆ ಕಾರು ಓಡಿಸಿದರೆ ಅರ್ಕನ್ಸಾ ರಾಜ್ಯದ ಗಡಿ. ಈ ದೇಶದ ಅಕ್ಕಿಯಲ್ಲಿ ಅರ್ಧದ ಹತ್ತಿರ ಆ ಒಂದು ರಾಜ್ಯದ್ದು. ಲೂಸಿಯಾನಾ, ಕ್ಯಾಲಿಫೋರ್ನಿಯಾ, ನಮ್ಮದೇ ಟೆಕ್ಸಸ್‌ನ ಹ್ಯೂಸ್ಟನ್ ಕಡೆಯ ಕರಾವಳಿ ಬಯಲು, ಎಲ್ಲ ಕಡೆ ಭತ್ತವಿದೆ. ಬೆಳೆದದ್ದರಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಹೊರದೇಶಕ್ಕೆ ಮಾರುತ್ತಾರೆ. ಅಕ್ಕಿ ಮಾರುವ ದೇಶದಲ್ಲಿ ಕೂತು ಅಕ್ಕಿ ಇಲ್ಲವಾಗುತ್ತದೆಂದು ಹೆದರಿದವರು ನಾವು. ನಮ್ಮ ಊರಿನ ಯಾವ ಸೂಪರ್ ಮಾರ್ಕೆಟ್ಟಿನಲ್ಲೂ ಅಂದು ಅಕ್ಕಿ ಖಾಲಿಯಾಗಿರಲಿಲ್ಲ. ಕೊರತೆ ಬಿದ್ದಿದ್ದು ಒಂದು ತಳಿಗೆ ಮಾತ್ರ, ಅದೂ ನಮ್ಮವರ ಅಂಗಡಿಗಳಲ್ಲಿ ಮಾತ್ರ. ಇನ್ನೂ ಒಂದು ಮಾತು: ನಮ್ಮದೇ ಎಂದು ನಾವು ಎದೆಗವಚಿಕೊಳ್ಳುವ ಸೋನಾ ಮಸೂರಿಯ ಒಂದು ಬೇರು ಮಲೇಷ್ಯಾದ್ದು. ಅಲ್ಲಿ 1965ರಲ್ಲಿ ಬಿಡುಗಡೆಯಾದ ಮಹ್ಸೂರಿ ತಳಿಯ ರಕ್ತ ಇದರಲ್ಲಿದೆ.

ಹೀಗೊಂದು ಗಾಬರಿ ಹಿಂದೆಯೂ ಆಗಿತ್ತೆಂದು ಆಮೇಲೆ ಓದಿ ತಿಳಿದೆ. 2007ರ ಅಕ್ಟೋಬರಿನಲ್ಲಿ ಭಾರತ ಅಕ್ಕಿಯ ರಫ್ತು ಬಿಗಿಮಾಡಿತು, ವಿಯೆಟ್ನಾಂ ಅದನ್ನೇ ಹಿಂಬಾಲಿಸಿತು, ಫಿಲಿಪ್ಪೀನ್ಸ್ ಸಿಕ್ಕ ಬೆಲೆಗೆ ಕೊಳ್ಳತೊಡಗಿತು. ಆರೇಳು ತಿಂಗಳಲ್ಲಿ ಜಗತ್ತಿನ ಮಾರುಕಟ್ಟೆಯಲ್ಲಿ ಬೆಲೆ ಮೂರು ಪಟ್ಟಿನ ಹತ್ತಿರ ಹೋಯಿತು. 2008ರ ಏಪ್ರಿಲಿನಲ್ಲಿ ಇದೇ ಅಮೆರಿಕದ ದೊಡ್ಡ ಸಗಟು ಅಂಗಡಿಗಳಲ್ಲಿ ಅಕ್ಕಿ ಚೀಲಕ್ಕೆ ಮಿತಿ ಹಾಕಿದ್ದರು. ಆ ವರ್ಷ ಜಗತ್ತಿನಲ್ಲಿ ಭತ್ತದ ಬೆಳೆ ಚೆನ್ನಾಗಿಯೇ ಇತ್ತು. ಜಪಾನು ತನ್ನ ಗೋದಾಮಿನಲ್ಲಿದ್ದ ಆಮದು ಅಕ್ಕಿಯನ್ನು ಬಿಡುತ್ತೇನೆ ಎಂದು ಬರೀ ಹೇಳಿದ್ದಕ್ಕೆ ಬೆಲೆ ಇಳಿಯತೊಡಗಿತು. ಆ ಅಕ್ಕಿ ಗೋದಾಮಿನ ಬಾಗಿಲು ದಾಟುವ ಮೊದಲೇ ಇಳಿಯಿತು! ಬೆಲೆಯಲ್ಲಿ ಅರ್ಧ ಧಾನ್ಯ, ಅರ್ಧ ಅಂಜಿಕೆ ಇರುತ್ತದೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಆದರೆ 2023ರ ಆ ವಾರ ಇದನ್ನೆಲ್ಲ ಯಾರಾದರೂ ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ. ಸಾಲಿನಲ್ಲಿ ನಿಂತವರಿಗೆ ಇತಿಹಾಸ ಹೇಳಿ ಪ್ರಯೋಜನವಿಲ್ಲ.

ಅದೇ ವಾರದ ಇನ್ನೊಂದು ರಾತ್ರಿಯ ವಿಷಯ ಬರೆಯದೆ ಹೋದರೆ ಇದು ಬರೀ ಹಣ ಕಳೆದುಕೊಂಡ ಕತೆಯಾಗುತ್ತದೆ.

ನಮ್ಮ ಕನ್ನಡದವರ ಗುಂಪಿನಲ್ಲಿ ಒಬ್ಬ ಹುಡುಗಿಯ ಸಂದೇಶ ಬಂತು. ಗಂಡ ಓದುತ್ತಿದ್ದಾನೆ, ಅವಳಿಗೆ ಕೆಲಸ ಮಾಡಲು ವೀಸಾ ಇಲ್ಲ, ಅತ್ತೆ ಊರಿಂದ ಬಂದಿದ್ದಾರೆ. ಮನೆಯಲ್ಲಿ ಇರುವುದು ಒಂದೇ ಕಾರು, ಅದೂ ಗಂಡ ಹೊರಗೆ ಒಯ್ದಿರುತ್ತಾನೆ. “ಅಂಗಡಿಗೆ ಹೋಗುವಷ್ಟರಲ್ಲಿ ಖಾಲಿಯಾಗಿತ್ತು. ಯಾರ ಮನೆಯಲ್ಲಾದರೂ ಸ್ವಲ್ಪ ಹೆಚ್ಚಿಗೆ ಅಕ್ಕಿ ಇದ್ದರೆ ಕೊಡ್ತೀರಾ? ದುಡ್ಡು ಕೊಡ್ತೀವಿ. ಅತ್ತೆಗೆ ಬೇರೆ ಅಕ್ಕಿಯ ಅನ್ನ ಹಿಡಿಸ್ತಾ ಇಲ್ಲ.” ನಾನು ಅದನ್ನು ಓದಿದೆ. ಓದಿದ್ದೇನೆಂದು ಅವಳಿಗೂ ಕಾಣಿಸುತ್ತದೆಂದು ಗೊತ್ತಿತ್ತು. ಬೇರೆ ಯಾರಾದರೂ ಕೊಡಬಹುದು ಎಂದುಕೊಂಡೆ. ಕೊಟ್ಟರೆ ನಾಳೆ ಇನ್ನೊಬ್ಬರು ಕೇಳುತ್ತಾರೆ, ನಮ್ಮಲ್ಲಿ ಇದೆಯೆಂದು ಊರಿಗೆಲ್ಲ ಗೊತ್ತಾಗುತ್ತದೆ ಎಂದುಕೊಂಡೆ. ಈ ಎರಡನೆಯ ಯೋಚನೆ ಬಂದಾಗಲಾದರೂ ನನಗೆ ಎಚ್ಚರವಾಗಬೇಕಿತ್ತು. ಇದ್ದದ್ದನ್ನು ಬಚ್ಚಿಡಬೇಕು ಎಂದು ಅನ್ನಿಸಿದ ಕ್ಷಣವೇ ಮನೆಯ ದಾಸ್ತಾನು ಕಾಳಸಂತೆಯವನ ದಾಸ್ತಾನಾಗುತ್ತದೆ, ಲಾಭ ಮಾಡಿದರೂ ಅಷ್ಟೆ, ಮಾಡದಿದ್ದರೂ ಅಷ್ಟೆ. ನಾಲ್ಕೈದು ಮಂದಿ ಆ ಸಂದೇಶದ ಕೆಳಗೆ ಕೈಮುಗಿಯುವ ಚಿತ್ರ ಹಾಕಿದ್ದರು. ನಾನೂ ಒಂದು ಹಾಕಿ ಮಲಗಿದೆ.

ಅವ್ವನಿಗೆ ಫೋನು ಮಾಡಿದಾಗ ಅಲ್ಲಿಯೂ ಅಕ್ಕಿಯದೇ ಮಾತು. ಹೊಸ ರಾಜ್ಯ ಸರ್ಕಾರ ಅನ್ನಭಾಗ್ಯದಲ್ಲಿ ತಲೆಗೆ ಹತ್ತು ಕಿಲೊ ಕೊಡುತ್ತೇನೆಂದು ಹೇಳಿತ್ತು. ಹೆಚ್ಚಿನ ಐದು ಕಿಲೊಗೆ ಬೇಕಾದ ಅಕ್ಕಿಯನ್ನು ಕೇಂದ್ರದ ದಾಸ್ತಾನಿನಿಂದ ಕೊಳ್ಳಲು ಆಗಲಿಲ್ಲ, ಜೂನ್ 13ರಂದೇ ರಾಜ್ಯಗಳಿಗೆ ಆ ಮಾರಾಟವನ್ನು ಕೇಂದ್ರ ನಿಲ್ಲಿಸಿತ್ತು. ಹೀಗಾಗಿ ಜುಲೈ 10ರಿಂದ ಅಕ್ಕಿಯ ಬದಲು ಕಿಲೊಗೆ 34 ರೂಪಾಯಿಯಂತೆ, ಒಬ್ಬರಿಗೆ 170 ರೂಪಾಯಿ ಖಾತೆಗೆ ಹಾಕತೊಡಗಿದ್ದರು. ಅವ್ವನ ಮನೆಗೆಲಸಕ್ಕೆ ಬರುವಾಕೆಯ ಮನೆಯಲ್ಲಿ ಐದು ಜನ.

“ಎಂಟನೂರಾ ಐವತ್ತು ಬಂದಾವಂತ. ಅಕ್ಕೀನ ಕೊಟ್ಟಿದ್ರ ಚೊಲೊ ಇತ್ತು ಅಂತಾಳ. ಅಂಗಡ್ಯಾಗ ಮೂವತ್ನಾಕಕ್ಕ ಯಾವ ಅಕ್ಕಿ ಬರತೈತಿ? ಇನ್ನ ರೊಕ್ಕ ಬಂದದ್ದು ಗಂಡಗ ಗೊತ್ತಾದ್ರ ಅದೂ ಹೋತು.”

“ನಮ್ಮಲ್ಲೂ ಅಕ್ಕಿ ಸಿಗವಲ್ದವ್ವಾ” ಎಂದೆ ನಾನು. ಯಾಕೆ ಹಾಗೆಂದೆನೋ.

“ಅಯ್ಯ ಶಿವನ! ಮನ್ಯಾಗ ಎಷ್ಟ ಅದಾವ?”

ಇದ್ದ ಚೀಲಗಳಲ್ಲಿ ಕಾಲುಭಾಗ ಹೇಳಿದೆ. ಆಕೆ ಅದನ್ನೇ ಕೇಳಿ ಬೆರಗಾದಳು. “ಮೂರು ಮಂದಿಗೆ ಅಷ್ಟ್ ಯಾಕ ಬೇ? ನೀವು ಉಣ್ಣೂದು ರಾತ್ರಿ ಒಂದ ಹೊತ್ತು.”

ಅವಳು ಹೇಳಿದ ಮೇಲೆ ನಾನು ಮೊದಲ ಸಲ ಲೆಕ್ಕ ಹಾಕಿದ್ದು. ಇಷ್ಟು ವರ್ಷ ಅಡುಗೆ ಮಾಡಿದರೂ ನಮ್ಮ ಮನೆಗೆ ತಿಂಗಳಿಗೆ ಎಷ್ಟು ಅಕ್ಕಿ ಬೇಕೆಂದು ನನಗೆ ತಿಳಿದಿರಲಿಲ್ಲ. ಮುಗಿದಾಗ ತರುವುದು, ಅಷ್ಟೆ. ಬೆಳಿಗ್ಗೆ ಬ್ರೆಡ್ಡೋ ಉಪ್ಪಿಟ್ಟೋ, ಮಧ್ಯಾಹ್ನ ಮಗನಿಗೆ ಶಾಲೆಯ ಊಟ, ನಮಗೆ ಕಚೇರಿಯ ಊಟ, ವಾರದಲ್ಲಿ ಎರಡು ರಾತ್ರಿ ಮಗನ ಹಟಕ್ಕೆ ಪಾಸ್ತಾ. ಉಳಿದ ರಾತ್ರಿಗಳಿಗೆ ಪಾವು ಅಕ್ಕಿ ಹೆಚ್ಚು. ಒಂದು ಚೀಲ ಒಂದೂವರೆ ತಿಂಗಳು ಬರುವ ಮನೆ ನಮ್ಮದು. ಆ ಲೆಕ್ಕವನ್ನು ಗ್ಯಾರೇಜಿನ ಗೋಡೆಗೆ ಹಚ್ಚಿ ನೋಡಿದರೆ, ತಂದದ್ದು ಮುಗಿಯುವ ಹೊತ್ತಿಗೆ ಮಗ ಮುಂದಿನ ತರಗತಿಯನ್ನೂ ದಾಟಿರುತ್ತಿದ್ದ.

ಆ ಬೇಸಿಗೆ ಟೆಕ್ಸಸ್‌ನಲ್ಲಿ ವಿಪರೀತ ಸೆಕೆ. ದಿನವೂ ನೂರು ಡಿಗ್ರಿ ದಾಟುತ್ತಿತ್ತು, ನಮ್ಮ ಲೆಕ್ಕದಲ್ಲಿ ಮೂವತ್ತೆಂಟರ ಮೇಲೆ. ಗ್ಯಾರೇಜಿಗೆ ಏಸಿ ಇರುವುದಿಲ್ಲ. ಅಕ್ಕಿ ಇಡಲು ಇದಕ್ಕಿಂತ ಕೆಟ್ಟ ಜಾಗ ಮನೆಯಲ್ಲಿ ಇನ್ನೊಂದಿಲ್ಲ ಎಂದು ರೈತನ ಮಗಳಿಗೆ ಹೊಳೆಯಲಿಲ್ಲ. ಆಗಸ್ಟಿನಲ್ಲಿ ಭಾರತ ಕುಸುಬಲು ಅಕ್ಕಿಗೆ ಶೇ. 20 ರಫ್ತು ಸುಂಕ ಹಾಕಿತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಕ್ಕಿ ಬೆಲೆ ಸೂಚ್ಯಂಕ ಹದಿನೈದು ವರ್ಷಗಳಲ್ಲೇ ಎತ್ತರಕ್ಕೆ ಹೋಯಿತು. ಪೇಪರಿನಲ್ಲಿ ಅದನ್ನು ಓದಿ, “ನೋಡಿದಿರಾ, ತಂದಿಟ್ಟದ್ದೇ ಒಳ್ಳೇದಾಯ್ತು” ಎಂದು ಯಜಮಾನರ ಮುಂದೆ ಬೀಗಿದ್ದೆ.

ನವರಾತ್ರಿಗೆ ನೈವೇದ್ಯಕ್ಕೆಂದು ಹೊಸ ಚೀಲ ಬಿಚ್ಚಿದೆ. ಅಕ್ಕಿ ಮೊರಕ್ಕೆ ಸುರಿದ ಕೂಡಲೇ ಅದು ಅಲ್ಲಾಡುತ್ತಿರುವಂತೆ ಕಂಡಿತು. ಸೊಂಡಿಲಿನ ಕಂದು ಹುಳ. ಕೆಳಗೆ ಸಣ್ಣಗೆ ಹಿಟ್ಟು. ಪಕ್ಕದ ಚೀಲವೂ ಹಾಗೇ, ಅದರ ಪಕ್ಕದ್ದೂ ಹಾಗೇ. ತೊಗರಿಬೇಳೆಯಲ್ಲಿ ಬೇರೆಯೇ ಕಾರುಬಾರು, ಬಲೆ ಕಟ್ಟುವ ಪತಂಗದ ಮರಿಗಳು. ಗ್ಯಾರೇಜಿನ ಮೂಲೆಯಿಂದ ಅಡುಗೆಮನೆಯ ಕಪಾಟಿನವರೆಗೆ ಅವು ದಾರಿ ಮಾಡಿಕೊಂಡಿದ್ದವು.

ಈ ಅಕ್ಕಿಹುಳ ಹೊರಗಿನಿಂದ ಬಂದು ಸೇರುವುದು ಕಡಿಮೆ. ಹೆಣ್ಣು ಹುಳ ಕಾಳಿನಲ್ಲಿ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ತೂತನ್ನು ತಾನೇ ಮೆತ್ತಿ ಮುಚ್ಚುತ್ತದೆ. ಮರಿ ಕಾಳಿನೊಳಗೇ ತಿಂದು ಬೆಳೆಯುತ್ತದೆ, ರೆಕ್ಕೆ ಬಂದ ಮೇಲೆ ಕೊರೆದು ಹೊರಗೆ ಬರುತ್ತದೆ. ಬೆಚ್ಚಗಿದ್ದರೆ ಈ ಸಂಸಾರಕ್ಕೆ ತಿಂಗಳು ಸಾಕು. ಅಂದರೆ ನಾನು ಸಾಲಿನಲ್ಲಿ ನಿಂತು ಎರಡು ಪಟ್ಟು ಕೊಟ್ಟು ಹೊತ್ತು ತಂದ ಚೀಲಗಳಲ್ಲಿ ಕೆಲವಕ್ಕಾದರೂ ಅಂದೇ ಬಾಡಿಗೆದಾರರಿದ್ದರು, ನಾನು ಅವರಿಗೆ ಸೆಕೆಯ ಮನೆ ಮಾಡಿಕೊಟ್ಟೆ. ಮನೆಗೆ ತಂದ ಕೂಡಲೇ ಸಣ್ಣ ಗಂಟುಗಳಾಗಿ ಕಟ್ಟಿ ವಾರದ ಮಟ್ಟಿಗೆ ಫ್ರೀಜರಿನಲ್ಲಿಟ್ಟಿದ್ದರೆ ಮೊಟ್ಟೆಗಳೂ ಸಾಯುತ್ತಿದ್ದವು. ಆದರೆ ಆ ಉಪಾಯ ನಡೆಯುವುದು ಒಂದು ಚೀಲ ತಂದವರಿಗೆ, ಗೋಡೆಯುದ್ದಕ್ಕೂ ಜೋಡಿಸಿದವರಿಗೆ ಅಷ್ಟು ದೊಡ್ಡ ಫ್ರೀಜರು ಎಲ್ಲಿ?

ಊರಿನ ಪದ್ಧತಿ ನೆನಪಾಗಿ, ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ಹಾಸಿಗೆಯ ಚಾದರ ಹಾಸಿ ಅಕ್ಕಿ ಹರವಿದೆ. ಬಿಸಿಲಿಗೆ ಹುಳ ಹರಿದುಹೋಗುತ್ತವೆ, ನಿಜ. ಅವು ಹರಿದಿದ್ದು ಪಕ್ಕದ ಮನೆಯವರ ಕಡೆಗೆ. ಅಳಿಲುಗಳು ಬಂದವು, ಹಕ್ಕಿಗಳು ಬಂದವು, ಸಂಜೆ ನಮ್ಮ ಬಡಾವಣೆಯ ಸಂಘದವರೂ ಬಂದರು. ಮನೆಯ ಮುಂದೆ ಆಹಾರ ಹರಡಬಾರದು ಎಂಬ ನಿಯಮವಿದೆಯಂತೆ. ನಮ್ಮೂರಿನ ಅಂಗಳದಲ್ಲಿ ಕಾಳು ಒಣಗಿಸದ ಮನೆಯನ್ನು ಬಡವರ ಮನೆ ಎನ್ನುತ್ತಾರೆ ಎಂದು ಸಂಘದಿಂದ ಬಂದ ಹೆಂಗಸಿಗೆ ಹೇಳಬೇಕೆನಿಸಿತು. ಹೇಳದೆ ಚಾದರ ಮಡಚಿದೆ.

ಹುಳ ತಗುಲದ ಚೀಲಗಳು ಕೆಲವು ಉಳಿದಿದ್ದವು. ಅವನ್ನಾದರೂ ಯಾರಿಗಾದರೂ ಕೊಡೋಣವೆಂದು ಅದೇ ಗುಂಪಿನಲ್ಲಿ ಬರೆದೆ: ಸೋನಾ ಮಸೂರಿ ಇದೆ, ದುಡ್ಡು ಬೇಡ, ಬಂದು ಒಯ್ಯಿರಿ. ಒಬ್ಬರೂ ಬರಲಿಲ್ಲ. ಆ ಹೊತ್ತಿಗೆ ಅಂಗಡಿಯ ಕಪಾಟು ತುಂಬಿತ್ತು. ಬೆಲೆ ಮೊದಲಿನಷ್ಟು ಇಳಿದಿರಲಿಲ್ಲ, ಆದರೆ ಜುಲೈನ ಆ ಬೆಲೆಯೂ ಇರಲಿಲ್ಲ. ಜೊತೆಗೆ, ಒಂದಿಷ್ಟು ಮನೆಗಳ ಗ್ಯಾರೇಜಿನಲ್ಲಿ ನನ್ನದೇ ಕತೆ ನಡೆದಿತ್ತು ಎಂದು ಆಮೇಲೆ ಗೊತ್ತಾಯಿತು. ಪುಕ್ಕಟೆ ಅಕ್ಕಿ ಎಂದರೆ ಹುಳದ ಅಕ್ಕಿ ಎಂದು ಎಲ್ಲರೂ ಊಹಿಸಿದ್ದರು. ಕಸದ ಗಾಡಿ ಬರುವ ಹಿಂದಿನ ರಾತ್ರಿ ಹುಳದ ಚೀಲಗಳನ್ನು ಹೊರಗಿಟ್ಟು ಬಂದೆವು, ಕತ್ತಲಾದ ಮೇಲೆ, ಕಳ್ಳರ ಹಾಗೆ. ಅನ್ನವನ್ನು ತುಳಿದರೂ ಕಣ್ಣಿಗೊತ್ತಿಕೊಳ್ಳುವ ಮನೆಯಿಂದ ಬಂದವಳು ನಾನು.

ಅವ್ವನಿಗೆ ಈ ಸಲ ನಿಜ ಹೇಳಿದೆ. ಅಷ್ಟೂ ಚೀಲದ ನಿಜ. ಬೈಯುತ್ತಾಳೆಂದುಕೊಂಡಿದ್ದೆ, ಬೈಯಲಿಲ್ಲ.

“ಅಜ್ಜಿ ತುಂಬಿಸ್ತಿದ್ಲಲ್ಲವ್ವಾ, ಹಂಗs ಮಾಡಿದ್ನಿ” ಎಂದೆ.

“ಅಕಿ ತುಂಬಿಸೂದು ಸುಗ್ಗ್ಯಾಗ. ಎಲ್ಲಾರ ಮನ್ಯಾಗೂ ಕಾಳು ಇದ್ದಾಗ. ಅಗ್ಗ ಇದ್ದಾಗ. ನೀ ತುಂಬಿಸಿದ್ದು ಯಾರ ಮನ್ಯಾಗೂ ಇಲ್ಲದಾಗ.” ಸ್ವಲ್ಪ ತಡೆದು ಮತ್ತೆ ಹೇಳಿದಳು: “ಮತ್ತ ಅಕಿ ತುಂಬಿಸ್ತಿದ್ದದ್ದು ಅಕ್ಕಿ ಅಲ್ಲ, ಜ್ವಾಳ.”

ಈ ಎರಡು ಮಾತು ನನಗೆ ಅಷ್ಟೂ ಅರ್ಥಶಾಸ್ತ್ರ ಹೇಳಿದವು. ತುಂಬಿಸಿಡುವುದು ತಪ್ಪಲ್ಲ, ಯಾವಾಗ ತುಂಬಿಸುತ್ತೇವೆ ಎಂಬುದರಲ್ಲಿ ಎಲ್ಲವೂ ಇದೆ. ಸುಗ್ಗಿಯಲ್ಲಿ ತುಂಬಿಸುವವರು ಮಾರುಕಟ್ಟೆಯಲ್ಲಿ ರಾಶಿ ಬಿದ್ದ ಕಾಳಿಗೆ ಜಾಗ ಕೊಡುತ್ತಾರೆ, ರೈತನಿಗೆ ಗಿರಾಕಿಯಾಗುತ್ತಾರೆ, ಬೇಸಿಗೆಯಲ್ಲಿ ಅಂಗಡಿಯ ಮುಂದೆ ಸಾಲು ನಿಲ್ಲದೆ ಇಲ್ಲದವರಿಗೆ ಅಷ್ಟು ಜಾಗ ಬಿಡುತ್ತಾರೆ. ಗಾಬರಿಯಲ್ಲಿ ತುಂಬಿಸುವವರು ತುಟ್ಟಿಯಾದದ್ದನ್ನು ಇನ್ನೂ ತುಟ್ಟಿ ಮಾಡಿ, ಇನ್ನೊಬ್ಬರ ತಟ್ಟೆಯಿಂದ ತೆಗೆದು ತಮ್ಮ ಗೋಡೆಗೆ ಒರಗಿಸಿಡುತ್ತಾರೆ. ಅಜ್ಜಿಯ ವಂಶದವಳು ನಾನು ಎಂದುಕೊಂಡು ಅವಳು ಎಂದೂ ಮಾಡದ್ದನ್ನೇ ಮಾಡಿದ್ದೆ. ಅಜ್ಜಿಯ ಕಾಲದಲ್ಲಿ ಹಗೇವು ಇತ್ತು. ನೆಲದೊಳಗೆ ತೋಡಿದ ಗುಂಡಿ, ಒಳಗೆ ಹುಲ್ಲು, ಕಾಳು ತುಂಬಿದ ಮೇಲೆ ಬಾಯಿಗೆ ಮಣ್ಣು ಮೆತ್ತಿ ಮುಚ್ಚುವುದು. ಗಾಳಿಯಾಡದ ಕಡೆ ಹುಳ ಬದುಕುವುದಿಲ್ಲ. ಅದನ್ನು ತೆರೆಯುವಾಗಲೂ ಕೂಡಲೇ ಇಳಿಯುವಂತಿರಲಿಲ್ಲ, ಒಳಗಿನ ಕೆಟ್ಟ ಗಾಳಿಗೆ ಜನ ಸತ್ತದ್ದುಂಟು. ಅಷ್ಟು ವಿದ್ಯೆ ಇದ್ದ ಕೆಲಸವನ್ನು ನಾನು ಗ್ಯಾರೇಜಿನ ಬಾಗಿಲು ಎಳೆದು ಮುಗಿಸಿದ್ದೆ.

ಜೋಳದ ಮಾತೂ ನಿಜವೇ. ತುಂಗಭದ್ರಾ ಅಣೆಕಟ್ಟೆ ಮುಗಿದದ್ದು 1953ರಲ್ಲಿ. ಕಾಲುವೆ ಬರುವ ಮೊದಲು ನಮ್ಮ ಕಡೆ ಮಳೆಯ ನಂಬಿಗೆಯ ಎರೆಹೊಲ, ಜೋಳ, ಹತ್ತಿ. ಅನ್ನವೆಂದರೆ ಹಬ್ಬದ್ದು, ಇಲ್ಲವೆ ಜ್ವರ ಬಂದವರದ್ದು. ಆಂಧ್ರದ ಕಡೆಯಿಂದ ಬಂದು ಕ್ಯಾಂಪ್ ಕಟ್ಟಿಕೊಂಡ ರೈತರು ಭತ್ತ ನಾಟಿ ಮಾಡಿದರು, ನಮ್ಮವರು ನೋಡಿ ಕಲಿತರು. ಎರಡು ತಲೆಮಾರಿನಲ್ಲಿ ನೆಲ್ಲಿನ ಸೀಮೆಯಾಯಿತು, ಮೂರನೆಯ ತಲೆಮಾರಿನ ನಾನು ಅನ್ನವಿಲ್ಲದೆ ಬದುಕಿಲ್ಲ ಎಂದು ಡಲ್ಲಾಸಿನಲ್ಲಿ ಸಾಲು ನಿಂತೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾಗಿತ್ತು ಎಂಬುದನ್ನೂ ಇಲ್ಲೇ ಸೇರಿಸುತ್ತೇನೆ, ಗುಂಪಿನಲ್ಲಿ ಅದರ ಪೋಸ್ಟರುಗಳನ್ನು ಹಂಚಿದವಳೂ ನಾನೇ.

ಡಲ್ಲಾಸಿನಿಂದ ವೇಕೊ ಕಡೆಗೆ ಹೋಗುವ ಹೆದ್ದಾರಿಯ ಎರಡೂ ಬದಿಗೆ ಜೂನಿನಲ್ಲಿ ಕೆಂಪು ತೆನೆಯ ಹೊಲಗಳು ಕಾಣುತ್ತವೆ. ಜೋಳವೇ ಅದು. ಜಗತ್ತಿನಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ದೇಶ ಅಮೆರಿಕ, ಕ್ಯಾನ್ಸಸ್ ಮೊದಲು, ಅದರ ಹಿಂದೆ ಟೆಕ್ಸಸ್. ದನಕ್ಕೆ, ಎಥನಾಲಿಗೆ, ಚೀನಾಕ್ಕೆ ಹೋಗುತ್ತದೆ. ಆರು ವರ್ಷ ಆ ದಾರಿಯಲ್ಲಿ ಓಡಾಡಿದರೂ ಅದು ನನ್ನ ಊಟ ಎಂದು ಅನ್ನಿಸಿರಲಿಲ್ಲ. ಈಗ ವಾರದಲ್ಲಿ ಎರಡು ದಿನ ರೊಟ್ಟಿ. ಬಡಿಯಲು ಕೈ ಮರೆತಿದೆ, ಅಂಚು ಒಡೆಯುತ್ತದೆ, ಯಜಮಾನರು ಅದನ್ನು ಮೈಸೂರಿನ ಸೌಜನ್ಯದಿಂದ ತಿನ್ನುತ್ತಾರೆ.

ಅನ್ನಕ್ಕೂ ಬೇರೆ ದಾರಿಗಳಿದ್ದವು. ಥಾಯ್ ಜಾಸ್ಮಿನ್ ಅಕ್ಕಿ ಅಂಟು ಎಂದು ದೂರುವವರು ಅದಕ್ಕೂ ನಮ್ಮ ಹಳೆಯಕ್ಕಿಯಷ್ಟೇ ನೀರು ಇಡುತ್ತಾರೆ. ಮೂರು ನಾಲ್ಕು ಸಲ ತೊಳೆದು, ಲೋಟಕ್ಕೆ ಒಂದೂಕಾಲು ಲೋಟ ನೀರು ಇಟ್ಟರೆ ಸಾರಿಗೆ ಒದಗುತ್ತದೆ, ಮೊಸರನ್ನಕ್ಕೂ ಪೊಂಗಲಿಗೂ ಸೋನಾ ಮಸೂರಿಗಿಂತ ಚೆನ್ನಾಗಿಯೇ ಬರುತ್ತದೆ. ಪುಳಿಯೋಗರೆಗೆ ಮಾತ್ರ ಆಗದು, ಅದರಲ್ಲಿ ರಾಜಿ ಬೇಡ. ಅರ್ಕನ್ಸಾದ ಉದ್ದಕ್ಕಿ ಬಿಸಿಬೇಳೆ ಬಾತಿನಲ್ಲಿ ಗುರುತೇ ಸಿಗುವುದಿಲ್ಲ. ತುಟ್ಟಿಕಾಲದಲ್ಲಿ ಬದಲಾಯಿಸಬೇಕಾದ್ದು ಅಂಗಡಿಯನ್ನಲ್ಲ, ಆ ವಾರದ ಅಡುಗೆಯನ್ನು. ನಮ್ಮೂರಿನ ಹೆಂಗಸರು ಟೊಮೆಟೊ ತುಟ್ಟಿಯಾದರೆ ಹುಣಸೆಹಣ್ಣು ಕಿವುಚುತ್ತಾರೆ, ಅದಕ್ಕೊಂದು ಉಪನ್ಯಾಸ ಕೊಡುವುದಿಲ್ಲ. ಆ ಜುಲೈನಲ್ಲೇ ಕೋಲಾರದ ಮಂಡಿಯಲ್ಲಿ 15 ಕಿಲೊ ಟೊಮೆಟೊ ಬಾಕ್ಸು ಎರಡು ಸಾವಿರ ದಾಟಿದಾಗ ಅವರು ಮಾಡಿದ್ದೂ ಅದನ್ನೇ. ಸೆಪ್ಟೆಂಬರಿಗೆ ಅದೇ ಟೊಮೆಟೊಗೆ ಕೇಳುವವರಿರಲಿಲ್ಲ. ಟೊಮೆಟೊವನ್ನು ಗ್ಯಾರೇಜಿನಲ್ಲಿ ಜೋಡಿಸಲು ಬರುವುದಿಲ್ಲ, ಅದೊಂದು ಅನುಕೂಲ.

ಆ ಹುಡುಗಿಯ ವಿಷಯ. ನವೆಂಬರಿನ ರಾಜ್ಯೋತ್ಸವದ ಊಟದಲ್ಲಿ ಪಕ್ಕದಲ್ಲೇ ಸಿಕ್ಕಳು. ಅತ್ತೆ ಊರಿಗೆ ಹೋಗಿದ್ದರು. “ಅಕ್ಕಾ, ಆಗ ನೀವು ಅಕ್ಕಿ ಫ್ರೀ ಕೊಡ್ತೀನಿ ಅಂತ ಹಾಕಿದ್ರಿ ಅಲ್ವಾ, ಥ್ಯಾಂಕ್ಸ್. ನಮಗೆ ಅಷ್ಟರಲ್ಲಿ ಸಿಕ್ಕಿತ್ತು” ಎಂದಳು. ಜುಲೈನಲ್ಲೇ ನನ್ನಲ್ಲಿತ್ತು ಎಂದು ಹೇಳಲು ಬಾಯಿ ತೆರೆದೆ. ಅವಳು ಸಾರಿನ ಸಾಲಿಗೆ ಎದ್ದು ಹೋದಳು, ನಾನು ಹಿಂದೆ ಹೋಗಿ ಹೇಳಲಿಲ್ಲ. ಇದನ್ನು ಅವಳು ಓದಿದರೆ ಗೊತ್ತಾಗುತ್ತದೆ.

ಆ ವರ್ಷ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಡ್ಯಾಮು ತುಂಬಲಿಲ್ಲ, ಅಪ್ಪನ ಗದ್ದೆಗೆ ಎರಡನೆಯ ಬೆಳೆಗೆ ನೀರು ಬರಲಿಲ್ಲ. ನಿಜವಾದ ಕೊರತೆ ಅಂದರೆ ಅದು. ಅಪ್ಪ ಬೀಳು ಬಿಟ್ಟ ಗದ್ದೆಯ ಫೋಟೊವನ್ನೂ ಕಳಿಸಲಿಲ್ಲ, ಹೆದರಿದ ಮಾತನ್ನೂ ಆಡಲಿಲ್ಲ. ಮೊದಲ ಬೆಳೆಯಲ್ಲಿ ಮನೆಗೆ ಬೇಕಾದ ಚೀಲಗಳನ್ನು ಮೊದಲೇ ಎತ್ತಿಟ್ಟಿದ್ದ. 2024ರಲ್ಲಿ ಮಳೆ ಬಂತು, ಡ್ಯಾಮು ತುಂಬಿತು. ತುಂಬಿದ ಡ್ಯಾಮಿನ 19ನೇ ಗೇಟು ಆಗಸ್ಟ್ 10ರ ರಾತ್ರಿ ಚೈನು ಕಡಿದು ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ನಮ್ಮ ಗುಂಪಿನಲ್ಲಿ ವಿಡಿಯೊ. “ಸೋನಾ ಮಸೂರಿ ಬೆಲ್ಟ್ ಹೋಯ್ತಂತೆ, ಎಲ್ಲರೂ ಸ್ಟಾಕ್ ಮಾಡ್ಕೊಳ್ಳಿ.”

ಈ ಸಲ ಬರೆದೆ. ಈಗ ಅಂಗಡಿಯಲ್ಲಿರುವ ಅಕ್ಕಿ ಹಿಂದಿನ ಬೆಳೆಯದು, ಈಗ ನಾಟಿಯಾದ ನೆಲ್ಲು ಮಿಲ್ಲಿಗೆ ಬರುವುದು ಡಿಸೆಂಬರಿಗೆ, ಬಿಳಿ ಅಕ್ಕಿಯ ರಫ್ತು ಇನ್ನೂ ಮತ್ತೆ ಶುರುವಾಗಿಲ್ಲ, ಆದ್ದರಿಂದ ಇಂದಿನ ಗೇಟಿಗೂ ಇಂದಿನ ಚೀಲಕ್ಕೂ ಸಂಬಂಧವಿಲ್ಲ. ಮಳೆಗಾಲ ಇನ್ನೂ ಇದೆ, ನೀರು ಮತ್ತೆ ಬರುತ್ತದೆ ಎಂದು ಅಪ್ಪ ಹೇಳಿದ್ದನ್ನೂ ಬರೆದೆ. ಅಲ್ಲಿ ವಾರದ ಹೊತ್ತಿಗೆ ತಾತ್ಕಾಲಿಕ ಗೇಟು ಕೂರಿಸಿದರು. ಸೆಪ್ಟೆಂಬರ್ 28ಕ್ಕೆ ರಫ್ತು ನಿಷೇಧವೂ ಹೋಯಿತು. “ಗ್ಯಾರಂಟಿನಾ?” ಎಂದು ಯಾರೋ ಕೇಳಿದ್ದಕ್ಕೆ, ಬೇಕಾದಷ್ಟೇ ತನ್ನಿ ಎಂದು ಉತ್ತರ ಕೊಟ್ಟಿದ್ದೆ.

ಆ ಉತ್ತರ ಬರೆದ ಸಂಜೆಯೇ ನಮ್ಮಲ್ಲೂ ಅಕ್ಕಿ ಮುಗಿಯುತ್ತ ಬಂದಿತ್ತು, ಅಂಗಡಿಗೆ ಹೋದೆ. ಒಂದು ಚೀಲ ಗಾಡಿಗೆ ಹಾಕಿದೆ. ಇನ್ನೊಂದರ ಮೇಲೆ ಕೈಯಿಟ್ಟು ತುಸು ಹೊತ್ತು ನಿಂತಿದ್ದೂ ನಿಜ. ಹಿಂದೆ ನಿಂತಿದ್ದ ಹಿರಿಯರೊಬ್ಬರು “ಅದು ನಿಮಗೆ ಬೇಕಾ ಅಮ್ಮಾ?” ಎಂದು ಕೇಳಿದರು. ಬೇಡ, ತಗೊಳ್ಳಿ ಎಂದೆ.